ಸೌತ್ ಸೈಡ್‌ಗೆ ಹೋಗಬಹುದಾ ಅಂತ ಕೇಳಿದ್ದೀರಿ

ಶಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಬಂದು ಇನ್ನೂ ಪೆಟ್ಟಿಗೆಗಳನ್ನೇ ಬಿಚ್ಚಿಲ್ಲ ಅಂತೀರಿ, ಅಷ್ಟರಲ್ಲೇ ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಹದಿನೈದು ವರ್ಷದ ಮಗಳು ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ. ಶಿಕಾಗೋದಲ್ಲಿ ‘ಬ್ಲ್ಯಾಕ್ ಕ್ರಿಯೇಟಿವಿಟಿ’ ಕಲಾಪ್ರದರ್ಶನ ನೋಡು ಅಂತ ಅವಳ ಟೀಚರ್ ಹೇಳಿದ್ದಾರೆ. ಅದು ಸೌತ್ ಸೈಡ್‌ನಲ್ಲಿದೆ, ಅಂದರೆ ಕಪ್ಪು ಜನ ಹೆಚ್ಚಾಗಿರುವ ಊರಿನ ದಕ್ಷಿಣ ಭಾಗದಲ್ಲಿ, ಹೋಗಬಹುದಾ, ಮಗಳ ಚಿತ್ರವನ್ನೂ ಕಳಿಸಬಹುದಾ ಅಂತ ತಾನೇ?

ಮೊದಲು ಸಣ್ಣಪುಟ್ಟದ್ದು ಮುಗಿಸಿಬಿಡುತ್ತೇನೆ. ಚಳಿಯ ಕೋಟು ಇಲ್ಲೇ ಕೊಳ್ಳಿ, ಬೆಂಗಳೂರಿಂದ ತಂದದ್ದು ಇಲ್ಲಿ ನಡೆಯಲ್ಲ. ಲೈಸೆನ್ಸ್ ವಿಷಯ ನಿಮ್ಮ ಯಜಮಾನರ ಆಫೀಸಿನವರನ್ನೇ ಕೇಳಿ.

ಪ್ರದರ್ಶನಕ್ಕೆ ಧಾರಾಳವಾಗಿ ಹೋಗಿ. ಹೈಡ್ ಪಾರ್ಕ್‌ನ ಗ್ರಿಫಿನ್ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂನಲ್ಲಿ 1970ರಿಂದ ನಡೆದುಕೊಂಡು ಬಂದಿದೆ. ವಿವೇಕಾನಂದರು ಬಂದಿದ್ದರಲ್ಲ, ಅದೇ 1893ರ ಮಹಾಮೇಳಕ್ಕೆ ಕಟ್ಟಿದ ಕಟ್ಟಡ ಅದು. ಸಾಮಾನ್ಯವಾಗಿ ಜನವರಿಯಲ್ಲಿ ಶುರು. ದೊಡ್ಡವರ ಚಿತ್ರಗಳ ಜೊತೆಗೇ ಹದಿನಾಲ್ಕರಿಂದ ಹದಿನೇಳರ ಮಕ್ಕಳ ಚಿತ್ರಗಳನ್ನೂ ತೂಗುಹಾಕುತ್ತಾರೆ.

ಆದರೆ ಮಗಳ ಚಿತ್ರ ಕಳಿಸೋಕಾಗಲ್ಲ. ಅದು ಆಫ್ರಿಕನ್ ಅಮೆರಿಕನ್ ಕಲಾವಿದರಿಗೇ ಮೀಸಲು.

‘ಇಲ್ಲೂ ಮೀಸಲಾತಿನಾ?’ ಅಂದುಕೊಂಡಿರಿ ಅಲ್ವಾ? ನಾನೂ ಹಾಗೇ ಅಂದುಕೊಂಡವಳು. ನಾವು ಬಂದ ವಾರವೇ ಹಿರಿಯರೊಬ್ಬರು ಊಟಕ್ಕೆ ಕರೆದು ಈ ಊರಿನ ನಕ್ಷೆ ಹೇಳಿಕೊಟ್ಟಿದ್ದರು. ದಿನಸಿಗೆ ಡೆವನ್ ಅವೆನ್ಯೂ, ದೇವರಿಗೆ ಲೆಮಾಂಟ್ ಮತ್ತು ಅರೋರಾ, ಸೌತ್ ಸೈಡ್ ಕಡೆ ತಲೆ ಹಾಕಬೇಡಿ. ಯಾಕೆ ಅಂತ ನಾವೂ ಕೇಳಲಿಲ್ಲ. ಆಮೇಲೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಪ್ಪು ಹೆಂಗಸೊಬ್ಬರ ಮಗನ ಚಿತ್ರ ಆ ಪ್ರದರ್ಶನಕ್ಕೆ ಆಯ್ಕೆಯಾಯಿತು. ಕರೆದರು, ಹೋದೆ. ಮುದುಕಿಯೊಬ್ಬಳು ಮೊಮ್ಮಗಳ ಜಡೆ ಹೆಣೆಯುತ್ತಿರುವ ಚಿತ್ರ, ಬೆರಳಿನ ಗಂಟುಗಳೂ ಕಾಣುತ್ತಿದ್ದವು. ಆ ಮುದುಕಿಯೇ ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು ಚಿತ್ರದ ಪಕ್ಕದಲ್ಲಿ ನಿಂತಿದ್ದರು. ಬಂದವರಿಗೆಲ್ಲ ‘ಇದು ನಾನೇ’ ಅನ್ನುತ್ತಿದ್ದರು.

ಇದು ನಿಮ್ಮವರಿಗೆ ಮಾತ್ರ ಯಾಕೆ ಅಂತ ನಾನು ಆ ಗೆಳತಿಯನ್ನು ಕೇಳಿಯೇಬಿಟ್ಟೆ. ಅವರು ವಾದ ಮಾಡಲಿಲ್ಲ. ಮುಂದಿನ ಶನಿವಾರ ಬ್ರಾನ್ಜ್‌ವಿಲ್‌ನ ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್‌ಗೆ ಕರೆದುಕೊಂಡು ಹೋದರು. ಊರಿನ ಗ್ಯಾಲರಿಗಳು ಕಪ್ಪು ಕಲಾವಿದರನ್ನು ಹತ್ತಿರ ಸೇರಿಸದಿದ್ದ ಕಾಲದಲ್ಲಿ ಅವರೇ ಕಟ್ಟಿಕೊಂಡ ಜಾಗ. ಬೀದಿಯಲ್ಲಿ ನಿಂತು ಹತ್ತು ಸೆಂಟಿನ ನಾಣ್ಯ ಕೂಡಿಸಿ ಹಳೇ ಬಂಗಲೆ ಕೊಂಡರು. 1941ರಲ್ಲಿ ಆಗಿನ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದರು. ಗೋಡೆಗೆಲ್ಲ ಮರದ ಹಲಗೆ, ಹಲಗೆ ತುಂಬ ಮೊಳೆಯ ತೂತು. ಯಾರೂ ಮುಚ್ಚಿಲ್ಲ. ಒಂದೊಂದು ತೂತೂ ಯಾರದೋ ಒಂದು ಚಿತ್ರ ಅಂದರು ಗೆಳತಿ. ಮೇಲೆ ನಾನೇನೂ ಕೇಳಲಿಲ್ಲ. ನಮ್ಮಂಥವರಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದದ್ದೂ ಈ ಕಪ್ಪು ಜನ ತಮ್ಮ ಹಕ್ಕಿಗಾಗಿ ಬೀದಿಗಿಳಿದು ಹೋರಾಡಿದ ಕಾಲದಲ್ಲೇ. ನಮ್ಮ ಊಟದ ಮನೆಗಳಲ್ಲಿ ಆ ಮಾತು ಬರುವುದೇ ಇಲ್ಲ.

ನನಗೆ ಇನ್ನೂ ಸಂಕಟವಾಗುವುದು ಒಂದಕ್ಕೆ. ಆ ಸೆಂಟರ್ ಕಟ್ಟಿದವರಲ್ಲಿ ಒಬ್ಬರು ಮಾರ್ಗರೆಟ್ ಬರೋಸ್. 1961ರಲ್ಲಿ ಎದುರಿಗಿದ್ದ ತಮ್ಮ ಮನೆಯಲ್ಲೇ ಮ್ಯೂಸಿಯಂ ಶುರು ಮಾಡಿದರು. ಅದೇ ಇವತ್ತಿನ ಡುಸಾಬಲ್, ಕಪ್ಪು ಜನರ ಇತಿಹಾಸದ ಮ್ಯೂಸಿಯಂ. 2010ರವರೆಗೆ ಇದ್ದರು, ಇದೇ ಊರಲ್ಲಿ. ಒಂದು ಸಲ ನೋಡಲಿಲ್ಲ ನಾನು. ವಾರಾಂತ್ಯ ಬಂತೆಂದರೆ ಡೆವನ್, ಬರ್ತ್‌ಡೇ ಪಾರ್ಟಿ, ಕನ್ನಡ ಕೂಟದ ನಾಟಕದ ತಾಲೀಮು.

ಮಗಳಿಗೆ ಬೇಜಾರು ಬೇಡ. ಸ್ಕೊಲಾಸ್ಟಿಕ್ ಆರ್ಟ್ ಅವಾರ್ಡ್ಸ್‌ಗೆ ಏಳರಿಂದ ಹನ್ನೆರಡನೇ ಕ್ಲಾಸಿನ, ಹದಿಮೂರು ತುಂಬಿದ ಯಾರು ಬೇಕಾದರೂ ಕಳಿಸಬಹುದು, ಟೀಚರ್‌ಗೆ ಗೊತ್ತಿರುತ್ತದೆ. ಹೈಡ್ ಪಾರ್ಕ್ ಆರ್ಟ್ ಸೆಂಟರ್‌ನಲ್ಲಿ ಕ್ಲಾಸುಗಳಿವೆ. ಶಾಲೆ ಮುಗಿದ ಮೇಲೆ ಕಲಿಸುವ ‘ಆಫ್ಟರ್ ಸ್ಕೂಲ್ ಮ್ಯಾಟರ್ಸ್’ ಬಗ್ಗೆ ಯಾರಾದರೂ ಹೇಳಿದರೆ, ಅದು ಶಿಕಾಗೋ ನಗರದ ಮಕ್ಕಳಿಗೆ. ನೇಪರ್‌ವಿಲ್‌ನವರಿಗಲ್ಲ.

ಆಗಸ್ಟ್‌ನ ಎರಡನೇ ಶನಿವಾರ ಸೌತ್ ಸೈಡ್‌ನ ಬಡ್ ಬಿಲಿಕನ್ ಪರೇಡ್ ತಪ್ಪಿಸಬೇಡಿ. 1929ರಿಂದ ಬಂದ ಮಕ್ಕಳ ಹಬ್ಬ, ಶಾಲೆ ತೆರೆಯುವ ಮುಂಚೆ. ಕಿಂಗ್ ಡ್ರೈವ್ ಉದ್ದಕ್ಕೂ ಡ್ರಮ್ಮು, ಕುಣಿತ. ಜಂಬೂ ಸವಾರಿಗೆ ಜಾಗ ಹಿಡಿಯುವ ಹಾಗೆ ಬೆಳಿಗ್ಗೆಯೇ ಹೋಗಬೇಕು. ಮಡಚುವ ಕುರ್ಚಿ, ನೀರು, ಮಗಳ ಸ್ಕೆಚ್ ಪುಸ್ತಕ ಇರಲಿ. ಪಕ್ಕದವರು ಸುಟ್ಟ ಮಾಂಸ ಕೊಡೋಕೆ ಬಂದರೆ ನಾವು ಸಸ್ಯಾಹಾರಿ ಅಂತ ನಗುತ್ತಲೇ ಹೇಳಿ, ಜೋಳದ ತೆನೆ ಸಿಗುತ್ತದೆ.