ಭುಜದ ಕೀಲು ತಪ್ಪಿದರೆ ಊರಲ್ಲೇ ಎಳೆಸಿ ಕೂರಿಸಬಹುದಾ?

ಕಬಡ್ಡಿ ಆಡುವಾಗ ತಮ್ಮನ ಭುಜ ಜಾರಿದೆ, ಊರಲ್ಲೊಬ್ಬರು ಎಳೆದು ಕೂರಿಸ್ತಾರಂತೆ, ಅಲ್ಲಿಗೇ ಹೋಗಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನೀವು ಹೊಳಲ್ಕೆರೆ ಕಡೆಯವರು ಅಂದಿದ್ದೀರಿ, ಸೀದಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಕೈ ಹೇಗಿದೆಯೋ ಹಾಗೇ ಟವೆಲ್‌ನಲ್ಲಿ ಜೋಲಿ ಕಟ್ಟಿ. ಬೆರಳು ತಣ್ಣಗಾಗಿ ಬಿಳಿಚಿದ್ದರೆ ಈಗಲೇ 108ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಸ್ನಾಯು ಬಿಗಿದು ಕೂರಿಸೋದು ಕಷ್ಟ ಆಗುತ್ತೆ.

ನಾನು ದಾವಣಗೆರೆಯವನು, ಗರಡಿ ಮನೆಯಲ್ಲಿ ಬೆಳೆದವನು. 21ನೇ ವಯಸ್ಸಲ್ಲಿ ದುಗ್ಗಮ್ಮನ ಜಾತ್ರೆ ಕುಸ್ತಿಗೆ ತಯಾರಿ ಮಾಡುವಾಗ ಬಲಗೈ ಚಾಚಿ ಬಿದ್ದೆ. ದುಂಡಗಿದ್ದ ಭುಜ ಗೋಡೆ ಮೂಲೆ ಥರ ಚೌಕ ಆಗಿತ್ತು. ಗೆಳೆಯನೊಬ್ಬ ಅಲ್ಲೇ ಎಳೆಯೋಕೆ ಬಂದ. ನಮ್ಮ ಉಸ್ತಾದರು ಬಿಡಲಿಲ್ಲ. ಅವರ ಋಣ ದೊಡ್ಡದು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಭುಜದ ಹೊರಬದಿಗೆ ಹತ್ತಿ ಸವರಿ "ಗೊತ್ತಾಗ್ತಿದೆಯಾ?" ಅಂದರು. ಅಲ್ಲಿ ಮರಗಟ್ಟಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಮಣಿಕಟ್ಟಿನ ನಾಡಿ ನೋಡಿದರು. ಆಮೇಲೆ ಎಕ್ಸ್‌ರೇ. ಕೀಲು ತಪ್ಪುವಾಗ ಮೂಳೆಯೂ ಮುರಿದಿರಬಹುದು, ಅದು ಹೊರಗಿಂದ ಕಾಣಲ್ಲ. ಹಾಗಿರುವಾಗ ಸುಮ್ನೆ ಎಳೆದರೆ ಮುರಿದ ತುಂಡು ಇನ್ನಷ್ಟು ಸರಿಯುತ್ತೆ, ನರ, ರಕ್ತನಾಳಕ್ಕೂ ಅಪಾಯ. ನನಗೆ ಮೂಳೆ ಮುರಿದಿರಲಿಲ್ಲ. ಇಂಜೆಕ್ಷನ್ ಕೊಟ್ಟು, ಎದೆಗೆ ಬೆಡ್‌ಶೀಟ್ ಸುತ್ತಿ ಒಬ್ಬರು ಆ ಕಡೆ ಹಿಡಿದರು. ಡಾಕ್ಟರ್ ಕೈಯನ್ನು ಈ ಕಡೆ ನಿಧಾನವಾಗಿ, ಒಂದೇ ಸಮ ಎಳೆದರು. ಒಂದು ಸಲವೂ ಜಗ್ಗಲಿಲ್ಲ. ಒಳಗೆ ಟಕ್ ಅಂತು. ಅಷ್ಟು ಹೊತ್ತು ಹಲ್ಲು ಕಚ್ಚಿದ್ದವನು ಆಗ ಉಸಿರು ಬಿಟ್ಟೆ. ಸರಿಯಾಗಿ ಕೂತಿದೆಯಾ ಅಂತ ಮತ್ತೊಂದು ಎಕ್ಸ್‌ರೇ ತೆಗೆದರು.

ನಾನು ತಪ್ಪು ಮಾಡಿದ್ದು ಆಮೇಲೆ. ಮೂರು ವಾರ ಕೈ ಜೋಲಿಯಲ್ಲಿರಲಿ ಅಂದಿದ್ದರು. ನೋವಿಲ್ಲ ಅಂತ ಹತ್ತೇ ದಿನಕ್ಕೆ ತೆಗೆದೆ, ವ್ಯಾಯಾಮ ಮಾಡಲೇ ಇಲ್ಲ. ಎರಡು ತಿಂಗಳಿಗೆ, ಅಟ್ಟದ ಮೇಲಿನ ಡಬ್ಬಿಗೆ ಕೈ ಎತ್ತಿದಾಗ ಮತ್ತೆ ಜಾರಿತು. ಭುಜದ ಗುಂಡು ಕೂರುವ ಬಟ್ಟಲಿಗೆ ಆಳ ಕಮ್ಮಿ. ಅದರ ಅಂಚಿನ ಮೆತ್ತನೆ ಪಟ್ಟಿ ಹೆಚ್ಚಾಗಿ ಮೊದಲ ಸಲವೇ ಹರಿದಿರುತ್ತೆ, ಅದಕ್ಕೇ ಹುಡುಗರಿಗೆ ಮತ್ತೆ ಮತ್ತೆ ಜಾರೋದು ಜಾಸ್ತಿ. ಜೋಲಿ ತೆಗೆಯದಿದ್ದರೆ ಜಾರುತ್ತಲೇ ಇರಲಿಲ್ಲ ಅಂತ ಹೇಳಲಾರೆ. ಆದರೆ ಸುತ್ತಲಿನ ಸ್ನಾಯು ಗಟ್ಟಿಯಿದ್ದರೆ ಕೀಲಿಗೆ ಅದೇ ಆಸರೆ. ಕೊನೆಗೆ ಎಂಆರ್‌ಐ ಮಾಡಿಸಿ, ಕೀಹೋಲ್ ಆಪರೇಷನ್‌ನಲ್ಲಿ ಆ ಅಂಚನ್ನು ಹೊಲಿದರು.

ನಿಮ್ಮ ತಮ್ಮನಿಗೆ ಕೀಲು ಕೂರಿಸಿದ ಮೇಲೆ, ಫಿಸಿಯೋಥೆರಪಿಗೆ ಯಾವತ್ತು ಬರಬೇಕು ಅಂತ ಕೇಳಿ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಗೆ ಬನ್ನಿ.