ಫೋಟೊದ ಹಿಂದೆ ತಾರೀಕು ಇಲ್ಲದಿದ್ದರೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿದ್ದ ನಿಮ್ಮ ತಾತನ ರೇಡಿಯೊ ಅಂಗಡಿಯ ಫೋಟೊ ಯಾವ ಕಾಲದ್ದೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಕಪಾಟಿನಲ್ಲಿರುವ ಸರಕನ್ನು ನೋಡಿ. ಫಿಲಿಪ್ಸ್ ಕಂಪನಿ ಕ್ಯಾಸೆಟ್ ಹೊರತಂದದ್ದು 1963ರಲ್ಲಿ. ಕ್ಯಾಸೆಟ್ ಕಂಡರೆ ಫೋಟೊ ಅದಕ್ಕಿಂತ ಈಚಿನದು. ನಮ್ಮಲ್ಲಿ ಬಣ್ಣದ ಟಿ.ವಿ. ಪ್ರಸಾರ ಶುರುವಾದದ್ದು 1982ರಲ್ಲಿ. ಹಿಂದೆ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು; ಮನೆಯಲ್ಲಿ ಆ ಲೈಸೆನ್ಸ್ ಪುಸ್ತಕ ಉಳಿದಿದ್ದರೆ ಅದರ ಮೇಲಿನ ಅಂಚೆ ಮೊಹರಿನ ತಾರೀಕನ್ನೂ ಓದಿ.

ನಮ್ಮ ತಂದೆ ರಿಪೇರಿ ಮಾಡಿದ ಪ್ರತಿ ವಾಲ್ವ್ ರೇಡಿಯೊದ (ಟ್ರಾನ್ಸಿಸ್ಟರ್ ಬರುವ ಮೊದಲಿನ, ಗಾಜಿನ ವಾಲ್ವ್‌ಗಳಿದ್ದ ಹಳೆಯ ರೇಡಿಯೊ) ಹಿಂಬದಿಯ ರಟ್ಟಿನ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿಡುತ್ತಿದ್ದರು. ಅಂಗಡಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ ಅವರ ಕೈಬರಹ ನನಗೆ ಸಿಕ್ಕಿದ್ದು ಅಲ್ಲಿಯೇ. ನಿಮ್ಮಲ್ಲೂ ಒಂದು ಸೆಟ್ ಉಳಿದಿದ್ದರೆ ಆ ರಟ್ಟನ್ನು ಬಿಚ್ಚಿ ನೋಡಿ. ದಯವಿಟ್ಟು ಅದನ್ನು ನೇರವಾಗಿ ಕರೆಂಟಿಗೆ ಮಾತ್ರ ಹಾಕಬೇಡಿ, ಹಾಳಾದ ಕೆಪಾಸಿಟರ್‌ನಿಂದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.