ಗ್ರೀನ್ ಕಾರ್ಡ್ ಆದರೆ ತೋಟದ ಗತಿ ಏನು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಹೊಸನಗರ ತಾಲೂಕು. ಮೂರು ಎಕರೆ ಅಡಿಕೆ ತೋಟ ನನ್ನ ಹೆಸರಲ್ಲಿದೆ. ನನಗೆ 67, ಮನೆಯವರಿಗೆ 62. ಒಬ್ಬನೇ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ವರ್ಷ ಅವನಿಗೆ ಅಲ್ಲಿನ ಪೌರತ್ವ ಆಯಿತು. ಈಗ ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಇರುವ ಪರವಾನಗಿ, ಮಾಡಿಸುತ್ತೇನೆ ಅನ್ನುತ್ತಿದ್ದಾನೆ. ಇಲ್ಲೊಬ್ಬ ಏಜೆಂಟ್ ಅಮೆರಿಕದ ವಕೀಲರ ಪರಿಚಯ ಇದೆ, ಎಲ್ಲ ಸೇರಿ ಎಂಟು ಲಕ್ಷ ಕೊಡಿ ಎಂದಿದ್ದಾರೆ. ಹೋಗುವ ಮೊದಲು ತೋಟವನ್ನು ಮಗನಿಗೆ ದಾನಪತ್ರ ಮಾಡಿಬಿಡಿ ಎಂದೂ ಹೇಳಿದರು. ಮನೆಯವರಿಗೆ ಮೊಮ್ಮಗನ ಹತ್ತಿರ ಇರುವ ಆಸೆ. ನನಗೆ ತೋಟ ಬಿಟ್ಟು ಇರಲು ಆಗುವುದಿಲ್ಲ. ಏನು ಮಾಡಲಿ?
— ಹೆಸರು ಬೇಡ, ಹೊಸನಗರ

ಉತ್ತರ: ದಾನಪತ್ರ ಮಾತ್ರ ಮಾಡಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಮಗ ಈಗ ಭಾರತದ ಪ್ರಜೆ ಅಲ್ಲ. ಇನ್ನೊಂದು ದೇಶದ ಪೌರತ್ವವನ್ನು ತಾನಾಗಿ ಪಡೆದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಇಲ್ಲಿಯದು ಹೋಯಿತು ಅಂತಲೇ ಲೆಕ್ಕ. ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಇದ್ದರೂ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಇವನ್ನು ಕೊಳ್ಳುವ ಹಾಗಿಲ್ಲ. ದಾನವಾಗಿ ಪಡೆಯುವ ಹಾಗೂ ಇಲ್ಲ. ಇದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ. ಶಿವಮೊಗ್ಗದಲ್ಲಿ ನಿಮ್ಮದೊಂದು ಸೈಟೋ ಮನೆಯೋ ಇದ್ದರೆ ಕೊಡಬಹುದು, ತೋಟ ಆಗದು. ಆದರೆ ನಿಮ್ಮ ನಂತರ ವಾರಸುದಾರನಾಗಿ ಅವನಿಗೆ ತೋಟ ಬಂದರೆ ಯಾವ ಅಡ್ಡಿಯೂ ಇಲ್ಲ. ಹಾಗಾಗಿ ನೀವು ಮಾಡಬೇಕಾದದ್ದು ವಿಲ್. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಬಿಡಿ. ಮುಂದೆ ಅವನು ಮಾರುವುದಾದರೆ ಇಲ್ಲೇ ವಾಸ ಇರುವ ಭಾರತೀಯರಿಗೆ ಮಾತ್ರ ಮಾರಬಹುದು. ಅದನ್ನೂ ಈಗಲೇ ಹೇಳಿಟ್ಟಿರಿ.

ಇನ್ನು ನಿಮ್ಮ ವಿಷಯ. ಗ್ರೀನ್ ಕಾರ್ಡ್ ಬಂದ ಮಾತ್ರಕ್ಕೆ ನಿಮ್ಮ ಪೌರತ್ವ ಹೋಗುವುದಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ. ಅಲ್ಲಿ ನೆಲೆಸಿದ ಮೇಲೆ ಪಕ್ಕದ ತೋಟ ಮಾರಾಟಕ್ಕೆ ಬಂತು ಅಂತ ಹೊಸದಾಗಿ ಕೊಳ್ಳಲು ಆಗುವುದಿಲ್ಲ, ಅಷ್ಟೇ. ತೊಂದರೆ ಇರುವುದು ಬೇರೆ ಕಡೆ. ಗ್ರೀನ್ ಕಾರ್ಡ್ ಇರುವುದು ಅಲ್ಲಿ ವಾಸ ಮಾಡುವವರಿಗೆ. ಹೋಗಿ ಬಂದು ಮಾಡುವವರಿಗೆ ವಿಸಿಟರ್ ವೀಸಾ ಇದೆಯಲ್ಲ! ನೀವು ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ದೀಪಾವಳಿ ಆಚೆಗೆ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಜೂನ್‌ನಿಂದ ಜನವರಿ ಇಲ್ಲೇ ಕಳೆಯಿತು. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದು ಮರಳಿದರೆ ವಿಮಾನ ನಿಲ್ದಾಣದಲ್ಲೇ ಪ್ರಶ್ನೆ ಶುರು. ಮುಂದೆ ಪೌರತ್ವ ಕೇಳುವಾಗ 5 ವರ್ಷದ ವಾಸದ ಲೆಕ್ಕಕ್ಕೂ ಏಟು. ಒಂದು ವರ್ಷ ದಾಟಿದರೆ ಕಾರ್ಡೇ ಹೋಗಬಹುದು. ಮೊದಲೇ ರೀಎಂಟ್ರಿ ಪರ್ಮಿಟ್ ಪಡೆದರೆ ಎರಡು ವರ್ಷದವರೆಗೆ ಅವಕಾಶ ಉಂಟು. ಆದರೆ ಅದರ ಅರ್ಜಿಯನ್ನು ನೀವು ಅಮೆರಿಕದೊಳಗೆ ಇದ್ದಾಗಲೇ ಹಾಕಬೇಕು. ಊರಿಗೆ ಬಂದು ನೆನಪಾದರೆ ಪ್ರಯೋಜನ ಇಲ್ಲ.

ತೆರಿಗೆ ವಿಷಯವನ್ನು ಮಕ್ಕಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಅಡಿಕೆ ಆದಾಯ ಕೃಷಿ ಆದಾಯ, ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಗ್ರೀನ್ ಕಾರ್ಡ್ ಆದವರು ಜಗತ್ತಿನಲ್ಲಿ ಎಲ್ಲಿ ಸಂಪಾದಿಸಿದರೂ ಅಮೆರಿಕಕ್ಕೆ ಲೆಕ್ಕ ಕೊಡಬೇಕು, ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್‌ನಲ್ಲಿ ಮಾರಿದ ರಾಶಿ ಅಡಿಕೆಯ ದುಡ್ಡು ಸೇರಿ. ಇಲ್ಲಿನ ಖಾತೆಗಳೆಲ್ಲ ಕೂಡಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಅದನ್ನೂ ಪ್ರತ್ಯೇಕವಾಗಿ ತಿಳಿಸಬೇಕು. ಒಂದು ಒಳ್ಳೆ ಫಸಲು ಬಂದ ವರ್ಷ ಅಷ್ಟಾಗುವುದು ದೊಡ್ಡ ಮಾತಲ್ಲ, ಅಲ್ವಾ?

ಈಗ ಎಂಟು ಲಕ್ಷದ ಏಜೆಂಟ್. ಅರ್ಜಿ ಹಾಕುವವನು ನಿಮ್ಮ ಮಗ, ನೀವಲ್ಲ. ಐ-130 ಅನ್ನುವ ಫಾರ್ಮ್ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. 2024ರ ದರದಂತೆ ಆನ್‌ಲೈನ್‌ನಲ್ಲಿ ಹಾಕಿದರೆ ಶುಲ್ಕ 625 ಡಾಲರ್. ತಂದೆಗೊಂದು, ತಾಯಿಗೊಂದು, ಬೇರೆ ಬೇರೆ ಅರ್ಜಿ. 21 ದಾಟಿದ ಪ್ರಜೆ ತಂದೆತಾಯಿಗೆ ಹಾಕಿದರೆ ವಾರ್ಷಿಕ ಕೋಟಾದ ಸರದಿ ಇಲ್ಲ. ಅದು ಒಪ್ಪಿಗೆಯಾದ ಮೇಲೆ ನಿಮ್ಮನ್ನು ಸಾಕುತ್ತೇನೆ ಅಂತ ಅವನು ಆದಾಯ ತೋರಿಸಿ ಐ-864 ಸಹಿ ಮಾಡಬೇಕು. ಕೊನೆಗೆ ವೈದ್ಯಕೀಯ ಪರೀಕ್ಷೆ, ಮುಂಬೈನ ಕಾನ್ಸುಲೇಟಿನಲ್ಲಿ ಸಂದರ್ಶನ.

ಅಲ್ಲಿನ ವಲಸೆ ಕಾನೂನಿನ ಸಲಹೆ ಕೊಡುವ ಹಕ್ಕು ಇರುವುದು ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ಲೈಸೆನ್ಸ್ ಇರುವ ವಕೀಲರಿಗೆ, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆ ಒಪ್ಪಿದ ಪ್ರತಿನಿಧಿಗಳಿಗೆ. ಕರ್ನಾಟಕದಲ್ಲಿ ವಕೀಲಿ ಮಾಡುವ ನನಗೇ ಆ ಹಕ್ಕಿಲ್ಲ, ಇನ್ನು ಏಜೆಂಟರಿಗೆ ಎಲ್ಲಿಂದ? ವಕೀಲರ ಹೆಸರು ಕೇಳಿ. ಆ ರಾಜ್ಯದ ಬಾರ್ (ವಕೀಲರ ಪರಿಷತ್ತು) ವೆಬ್‌ಸೈಟಿನಲ್ಲಿ ಮಗ ಅದನ್ನು ಹುಡುಕಿ ನೋಡಲಿ. ನಿಜವಾದ ವಕೀಲರು ಈ ಅರ್ಜಿಗೆ ತಾವೇ ವಕೀಲರು ಎಂದು ತಿಳಿಸುವ ಜಿ-28 ಫಾರ್ಮ್ ಅನ್ನು ನಿಮ್ಮ ಪರವಾಗಿ ಸಲ್ಲಿಸುತ್ತಾರೆ. ನಾನು ಬರೆದುಕೊಡ್ತೀನಿ ಸಾರ್, ನನ್ನ ಹೆಸರು ಎಲ್ಲೂ ಬರೋದು ಬೇಡ ಅನ್ನುವವರ ಹತ್ತಿರ ಸುಮ್ನೆ ಎದ್ದು ಬನ್ನಿ.

ವಕೀಲರು ಬೇಕೇ ಬೇಕಾ? ಕಾಗದಪತ್ರ ಸರಿ ಇದ್ದರೆ ಮಗನೇ ಹಾಕಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಹಿಂದೆ ವೀಸಾ ನಿರಾಕರಣೆ ಆಗಿದ್ದರೆ, ಅವಧಿ ಮೀರಿ ಉಳಿದಿದ್ದರೆ, ಪೊಲೀಸ್ ಕೇಸ್ ಇದ್ದರೆ, ದಾಖಲೆ ಒಂದಕ್ಕೊಂದು ಹೊಂದದಿದ್ದರೆ ವಕೀಲರ ಶುಲ್ಕ ದಂಡ ಅಲ್ಲ. ಶುಲ್ಕ ಒಟ್ಟಾಗಿ ಎಷ್ಟು, ಸರ್ಕಾರದ ಫೀಸ್ ಅದರೊಳಗೋ ಹೊರಗೋ, ಮಧ್ಯದಲ್ಲಿ ಇನ್ನಷ್ಟು ದಾಖಲೆ ಕೇಳಿ ಪತ್ರ ಬಂದರೆ ಉತ್ತರಕ್ಕೆ ಬೇರೆ ದುಡ್ಡೋ ಅನ್ನುವುದು ಬರಹದಲ್ಲಿರಲಿ.

ನಮ್ಮ ಕಡೆಯ ಅರ್ಜಿಗಳು ಸಿಕ್ಕಿಕೊಳ್ಳುವುದು ದಾಖಲೆಯಲ್ಲೇ. ಮಗನ ಜನನ ಪ್ರಮಾಣಪತ್ರದಲ್ಲಿ ನಿಮ್ಮಿಬ್ಬರ ಹೆಸರೂ ಇರಬೇಕು. ತಂದೆಯ ಅರ್ಜಿಗೆ ಮದುವೆಯ ಪ್ರಮಾಣಪತ್ರವೂ ಬೇಕು. ಮನೆಯಂಗಳದಲ್ಲಿ ಚಪ್ಪರ ಹಾಕಿ ಆದ ಮದುವೆಯನ್ನು ಆ ಕಾಲದಲ್ಲಿ ಯಾರು ರಿಜಿಸ್ಟರ್ ಮಾಡಿಸುತ್ತಿದ್ದರು! ಲಗ್ನಪತ್ರಿಕೆ, ಫೋಟೋ ಹುಡುಕಿ ಈಗ ಮಾಡಿಸಿ. ಹೆರಿಗೆ ಮನೆಯಲ್ಲೇ ಆಗಿ ಜನನ ನೋಂದಣಿ ಇಲ್ಲದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪತ್ರ ಮತ್ತು ಶಾಲೆಯ ದಾಖಲೆ ಜೋಡಿಸಬೇಕಾಗುತ್ತದೆ. ಹೆಸರನ್ನೂ ನೋಡಿಕೊಳ್ಳಿ. ಪಹಣಿಯಲ್ಲಿ ‘ಸುಬ್ರಾಯ ಬಿನ್ ಮಂಜಪ್ಪ’, ಆಧಾರ್‌ನಲ್ಲಿ ‘ಸುಬ್ರಾಯ ಎಂ’, ಮಗನ ಪ್ರಮಾಣಪತ್ರದಲ್ಲಿ ‘ಸುಬ್ಬರಾವ್’ ಅಂತಿದ್ದರೆ ಮೂರೂ ಒಬ್ಬರೇ ಎಂದು ಮುಂಬೈನಲ್ಲಿ ಕೂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ನನ್ನ ಅಭಿಪ್ರಾಯ ಕೇಳಿದರೆ, ಅರ್ಜಿ ಹಾಕುವ ಮೊದಲು ಇಬ್ಬರೂ ವಿಸಿಟರ್ ವೀಸಾದಲ್ಲಿ ಒಮ್ಮೆ ಹೋಗಿ ಇದ್ದು ಬನ್ನಿ. ಅಲ್ಲಿನ ಒಂದು ಚಳಿಗಾಲ ನೋಡಿದರೆ ಇನ್ನೂ ಒಳ್ಳೆಯದು. ಐ-130 ಹಾಕಿದ ಮೇಲೆ ವಿಸಿಟರ್ ವೀಸಾ ಸಿಗುವುದು ಕಷ್ಟ, ಅದಕ್ಕೇ ಈ ಕ್ರಮ. ಬಂದ ಮೇಲೂ ಮನೆಯವರಿಗೆ ಅಲ್ಲೇ ಇರುವ ಮನಸ್ಸಿದ್ದರೆ ಅವರೊಬ್ಬರಿಗೆ ಗ್ರೀನ್ ಕಾರ್ಡ್ ಹಾಕಿಸಬಹುದು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹಾಕಬೇಕೆಂದಿಲ್ಲ. ಆರೋಗ್ಯ ವಿಮೆಯ ಖರ್ಚನ್ನು ಮಾತ್ರ ಮಗ ಮೊದಲೇ ವಿಚಾರಿಸಲಿ. 65 ತುಂಬಿ, 5 ವರ್ಷ ಸತತ ಅಲ್ಲೇ ಇದ್ದ ಮೇಲೆಯೇ ದುಡ್ಡು ಕಟ್ಟಿ ಮೆಡಿಕೇರ್, ಅಂದರೆ ಅಲ್ಲಿನ ಸರ್ಕಾರದ ಆರೋಗ್ಯ ವಿಮೆ, ಸೇರುವ ದಾರಿ.

ಪ್ರಶ್ನೆ: ಮಗಳಿಗೆ ಗ್ರೀನ್ ಕಾರ್ಡ್ ಇದೆ, ಪೌರತ್ವ ಇನ್ನೂ ಆಗಿಲ್ಲ. ನಮ್ಮನ್ನೂ ಅವಳ ತಮ್ಮನನ್ನೂ ಕರೆಸಿಕೊಳ್ಳಬಹುದಾ?
— ಓದುಗರು, ಸಾಗರ

ಉತ್ತರ: ಈಗ ಆಗುವುದಿಲ್ಲ. ಗ್ರೀನ್ ಕಾರ್ಡ್ ಇರುವವರು ಗಂಡ ಅಥವಾ ಹೆಂಡತಿ ಮತ್ತು ಮದುವೆಯಾಗದ ಮಕ್ಕಳಿಗೆ ಮಾತ್ರ ಅರ್ಜಿ ಹಾಕಬಹುದು. ಪೌರತ್ವ ಆದ ಮೇಲೆ ನಿಮಗೆ ಹಾಕಬಹುದು. ತಮ್ಮನಿಗೂ ಹಾಕಬಹುದು, ಆದರೆ ಭಾರತದವರ ಆ ಸರದಿ 15 ವರ್ಷಕ್ಕೂ ಉದ್ದ ಇದೆ. ಅದನ್ನು ನಂಬಿ ಹುಡುಗನ ಓದು, ಕೆಲಸ, ಮದುವೆ ನಿಲ್ಲಿಸಬೇಡಿ.

ಪ್ರಶ್ನೆ: ಮಗನಿಗೆ ಅಮೆರಿಕದ ಪಾಸ್‌ಪೋರ್ಟ್ ಬಂತು. ಹಳೆಯ ಭಾರತೀಯ ಪಾಸ್‌ಪೋರ್ಟ್ ಅವಧಿ ಇನ್ನೂ ಇದೆ. ತಂಗಿಯ ಮದುವೆಗೆ ಅದರಲ್ಲೇ ಬಂದು ಹೋಗಲಾ ಅಂತ ಕೇಳುತ್ತಾನೆ.
— ಓದುಗರು, ಭದ್ರಾವತಿ

ಉತ್ತರ: ಬೇಡವೇ ಬೇಡ. ಅದು ಅಪರಾಧ. ಹಳೆಯ ಪಾಸ್‌ಪೋರ್ಟ್ ಅಲ್ಲಿಯೇ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಲಿ, ಓಸಿಐಗೆ ಅರ್ಜಿ ಹಾಕಲಿ. ಮದುವೆಯೊಳಗೆ ಓಸಿಐ ಬರದಿದ್ದರೆ ವೀಸಾ ಮಾಡಿಸಿಕೊಂಡು ಬರಲಿ. ಮುಹೂರ್ತ ಗೊತ್ತಾಗಿದ್ದರೆ ಇವತ್ತೇ ಫೋನ್ ಮಾಡಿ ತಿಳಿಸಿ.